ಒಡೆದ ಅಕ್ಷರದ ಗುರುತು ಹಿಡಿಯುವುದು

ತೆರೆಯ ಮೇಲೆ ಕನ್ನಡ ಕೆಡುವುದಕ್ಕೂ ಒಂದು ರೀತಿ ರಿವಾಜು ಇದೆ. ಯಾರೋ ಮೊಬೈಲಿನಲ್ಲಿ ಟೈಪಿಸಿ ಕಳಿಸಿದ ನಾಲ್ಕು ಸಾಲು ನಮ್ಮ ಮುಂದೆ ತೆರೆದುಕೊಂಡಾಗ ಒಮ್ಮೆ ಬರೀ ಖಾಲಿ ಚೌಕಗಳು ಕಾಣುತ್ತವೆ. ಒಮ್ಮೆ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳು. ಇನ್ನೊಮ್ಮೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ‘ಎ’ಗಳ ಮೆರವಣಿಗೆ, ನಡುನಡುವೆ ಪುಟ್ಟ 2, ಪುಟ್ಟ 3. ಮತ್ತೊಮ್ಮೆ ಎಲ್ಲ ಸರಿಯಾಗೇ ಇದ್ದು, ಮೂರನೆಯ ಸಾಲಿನ ನಡುವೆ ಮಾತು ಕಡಿದು ನಿಂತಿರುತ್ತದೆ. ಇಷ್ಟಕ್ಕೂ ನಾವು ಇಟ್ಟಿರುವ ಹೆಸರು ಒಂದೇ: ಫಾಂಟ್ ಪ್ರಾಬ್ಲಮ್.

ನಿಜಕ್ಕೂ ಫಾಂಟಿನ ದೋಷ ಇರುವುದು ಮೊದಲನೆಯದರಲ್ಲಿ ಮಾತ್ರ. ಉಳಿದವಕ್ಕೆ ಕಾರಣಗಳು ಬೇರೆ, ಅವು ಹುಟ್ಟುವ ಜಾಗಗಳೂ ಬೇರೆ. ಒಂದು ಬಗೆಯಲ್ಲಿ ಹಾಳಾದಂತೆ ಕಾಣುವ ಪಠ್ಯ ಪೂರ್ತಿಯಾಗಿ ಮರಳಿ ಸಿಗುತ್ತದೆ. ಇನ್ನೊಂದು ಬಗೆಯಲ್ಲಿ ಏನು ತಿಪ್ಪರಲಾಗ ಹಾಕಿದರೂ ಸಿಗುವುದಿಲ್ಲ. ಯಾವುದು ಯಾವ ಬಗೆಯದೆಂದು ಕೆಟ್ಟ ಅಕ್ಷರದ ಮುಖ ನೋಡಿಯೇ ಹೇಳಬಹುದು. ಅದಕ್ಕೆ ಮೊದಲು, ಅಕ್ಷರ ಬೆರಳ ತುದಿಯಿಂದ ಹೊರಟು ಇನ್ನೊಬ್ಬರ ಕಣ್ಣು ಸೇರುವವರೆಗೆ ಅದಕ್ಕೆ ಏನೇನಾಗುತ್ತದೆ ಎಂದು ನೋಡಬೇಕು.

256ರೊಳಗೆ ಒಂದು ಲಿಪಿ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. 1963ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಸ್ಕಿ ಎಂಬ ಪಟ್ಟಿ ಅಂಥದ್ದೊಂದು ಒಪ್ಪಂದ. ಅದರಲ್ಲಿ ಇದ್ದದ್ದು 0ರಿಂದ 127ರವರೆಗಿನ 128 ಸಂಖ್ಯೆಗಳು. ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಅಷ್ಟು ಧಾರಾಳವಾಗಿ ಸಾಕು. ಎಂಟು ಬಿಟ್‌ಗಳ ಒಂದು ಬೈಟ್‌ನಲ್ಲಿ 256 ಸಂಖ್ಯೆಗಳನ್ನು ಬರೆಯಬಹುದಾದ್ದರಿಂದ ಮೇಲಿನ 128 ಸ್ಥಾನ ಖಾಲಿ ಉಳಿಯಿತು. ಅವಕ್ಕೆ ಒಬ್ಬೊಬ್ಬರು ಒಂದೊಂದು ಪಟ್ಟಿ ಮಾಡಿಕೊಂಡರು. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮೈಕ್ರೋಸಾಫ್ಟ್ ಮಾಡಿದ ವಿಂಡೋಸ್-1252 ಎಂಬ ಪಟ್ಟಿ ಜಗತ್ತಿನ ಬಹಳಷ್ಟು ಕಂಪ್ಯೂಟರುಗಳಲ್ಲಿ ತಾನಾಗಿ ಬಂದು ಕೂತಿತು. ಈ ಹೆಸರು ನೆನಪಿರಲಿ, ಮುಂದಿನ ಅವಾಂತರದಲ್ಲಿ ಇದರದೇ ದೊಡ್ಡ ಪಾತ್ರ.

ಕನ್ನಡವನ್ನು ಇಷ್ಟರೊಳಗೆ ಹಿಡಿಸುವುದು ಹೇಗೆ? ವರ್ಣಮಾಲೆ ಐವತ್ತರ ಆಸುಪಾಸಿನದಾದರೂ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಆಕಾರಗಳು ಸಾವಿರ ದಾಟುತ್ತವೆ. ಆದ್ದರಿಂದ ಹಳೆಯ ಕನ್ನಡ ಫಾಂಟುಗಳು ಅಕ್ಷರವನ್ನು ತುಂಡು ಮಾಡಿದವು. ‘ಕ’ದ ಒಡಲು ಒಂದು ತುಂಡು, ತಲೆಕಟ್ಟು ಇನ್ನೊಂದು, ಕೊಂಬು ಮತ್ತೊಂದು, ಪ್ರತಿಯೊಂದು ಒತ್ತೂ ಬೇರೆ. ಈ ತುಂಡುಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದರು. ಅಚ್ಚಿನ ಮೊಳೆ ಜೋಡಿಸಿ ಗೊತ್ತಿದ್ದವರಿಗೆ ಈ ಉಪಾಯ ಹೊಸದೇನಲ್ಲ.

ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ‘ಕನ್ನಡ’ ಎಂಬ ಪದ ಇರಬೇಕಾದ ಜಾಗ ನೋಡಿ. ಅಲ್ಲಿ ಸಿಗುವುದು ಇಂಗ್ಲಿಷಿನ ‘ಪಿ’, ಓರೆಗೆರೆ ಹೊತ್ತ ದೊಡ್ಡ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ಆಮೇಲೆ ‘ಕ್ಯೂ’, ಕೊನೆಗೆ ಮತ್ತೊಮ್ಮೆ ಅದೇ ‘ಎ’. ಏಳು ಗುರುತು, ಅವುಗಳ ಲೆಕ್ಕ ಪಕ್ಕಾ. ‘ಪಿ’ ಅಂದರೆ ಕಕಾರದ ಒಡಲು, ಪೌಂಡ್ ಅಂದರೆ ನಕಾರದ್ದು, ‘ಕ್ಯೂ’ ಅಂದರೆ ಡಕಾರದ್ದು. ಮೂರು ಸಲ ಬಂದ ಓರೆಗೆರೆಯ ‘ಎ’ ಅಂದರೆ ಮೂರು ತಲೆಕಟ್ಟು. ಜರ್ಮನ್ ಅಕ್ಷರ ನಾವತ್ತು. ಅಲ್ಲಿ ಏನೂ ಹಾಳಾಗಿಲ್ಲ. ತುಂಡುಗಳನ್ನು ಜೋಡಿಸಿ ತೋರಿಸಬೇಕಾದ ಫಾಂಟ್ ಇಲ್ಲ, ಅಷ್ಟೇ. ಇಂಥ ಪಠ್ಯವನ್ನು ಈಗಿನ ರೂಪಕ್ಕೆ ತಿರುಗಿಸುವ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ.

ಈ ಉಪಾಯ ಕನ್ನಡದ ಒಂದು ತಲೆಮಾರನ್ನು ನಡೆಸಿತು. ಕೆ. ಪಿ. ರಾವ್ ರೂಪಿಸಿದ, ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಟೈಪಿಸುವ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ಇಲ್ಲದೆ ಕಚೇರಿ ಕಡತಗಳಿಗೂ ಪುಸ್ತಕಗಳಿಗೂ ಕಂಪ್ಯೂಟರ್ ಕನ್ನಡ ಬರುತ್ತಿರಲಿಲ್ಲ. ಆದರೆ ಕಾಗದಕ್ಕೆ ಸಾಕಾದದ್ದು ಸಂಪರ್ಕಕ್ಕೆ ಸಾಲಲಿಲ್ಲ. ಕಡತದೊಳಗೆ ಇದ್ದದ್ದು ಅಕ್ಷರದ ಆಕಾರ, ಅಕ್ಷರವಲ್ಲ. ‘ಅರ್ಕ’ ಎಂಬಲ್ಲಿ ಬಾಯಿ ರಕಾರವನ್ನು ಮೊದಲು ಹೇಳಿದರೂ ಕಡತದಲ್ಲಿ ಕಕಾರ ಮೊದಲು, ಅರ್ಕಾವತ್ತು ಆಮೇಲೆ. ಅಕಾರಾದಿಯಾಗಿ ಜೋಡಿಸಲು ಹೋದರೆ ಎಲ್ಲ ಅಡ್ಡಾದಿಡ್ಡಿ. ಸಾಲದ್ದಕ್ಕೆ ಶ್ರೀಲಿಪಿ, ಆಕೃತಿ ಮೊದಲಾದ ತಂತ್ರಾಂಶಗಳ ಜೋಡಣೆಗಳೇ ಬೇರೆಬೇರೆ. ಕಳಿಸುವವರಲ್ಲೂ ಪಡೆಯುವವರಲ್ಲೂ ಒಂದೇ ಫಾಂಟ್ ಇರಬೇಕು; ಇಲ್ಲದಿದ್ದರೆ ಪೌಂಡ್ ಗುರುತೇ ಗತಿ.

3221ನೆಯ ಸಂಖ್ಯೆ

ಆಕಾರ ಬಿಟ್ಟು ಅಕ್ಷರಕ್ಕೇ ಸಂಖ್ಯೆ ಕೊಡುವ ಕೆಲಸ ಭಾರತದಲ್ಲಿ ಬೇಗನೆ ಶುರುವಾಗಿತ್ತು. ಇಸ್ಕಿ ಎಂಬ ಭಾರತೀಯ ಮಾನಕ 1991ರಲ್ಲಿ ಅಧಿಕೃತವಾಯಿತು. ಅದರ 1988ರ ಆವೃತ್ತಿಯನ್ನೇ ಆಧಾರವಾಗಿ ಇಟ್ಟುಕೊಂಡು ಯೂನಿಕೋಡ್ ನಮ್ಮ ಲಿಪಿಗಳಿಗೆ ಜಾಗ ಕೊಟ್ಟಿತು. 1991ರ ಅಕ್ಟೋಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು.

ಯೂನಿಕೋಡಿನಲ್ಲಿ ‘ಕ’ ಅಂದರೆ 3221. ತೆಲುಗಿನ ‘ಕ’ 3093, ದೇವನಾಗರಿಯದು 2325. ಕನ್ನಡಕ್ಕೂ ತೆಲುಗಿಗೂ ಸರಿಯಾಗಿ 128ರ ಅಂತರ. ದೇವನಾಗರಿಗೆ 128ರ ಏಳರಷ್ಟು, ಅಂದರೆ 896. ಪ್ರತಿ ಲಿಪಿಗೂ 128 ಸ್ಥಾನಗಳ ಒಂದೊಂದು ಪಟ್ಟಿ, ಎಲ್ಲ ಪಟ್ಟಿಗಳಲ್ಲೂ ಒಂದೇ ಕ್ರಮ. ಇಸ್ಕಿಯಿಂದ ಬಂದ ಬಳುವಳಿ ಇದು. ಕನ್ನಡ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಹೆಚ್ಚುಕಡಿಮೆ ಅದೇ ಉಚ್ಚಾರದ ತೆಲುಗು ಅಕ್ಷರ ಸಿಗುತ್ತದೆ.

ಒಪ್ಪಂದ ಎಂದ ಮೇಲೆ ಅದನ್ನು ಮುರಿಯುವಂತಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನೂ ಹೆಸರನ್ನೂ ಯೂನಿಕೋಡ್ ಎಂದಿಗೂ ಬದಲಿಸುವುದಿಲ್ಲ, ತಪ್ಪಾಗಿದ್ದರೂ ಸರಿಯೇ. ಹಳಗನ್ನಡದ ‘ೞ’ ಅಕ್ಷರಕ್ಕೆ ಆ ಪಟ್ಟಿಯಲ್ಲಿ ಯಾರೋ ‘ಫ’ ಎಂಬರ್ಥದ ಹೆಸರು ಹಾಕಿಬಿಟ್ಟರು. ತಪ್ಪು ಗೊತ್ತಾದ ಮೇಲೂ ಹೆಸರು ಹಾಗೇ ಉಳಿದಿದೆ, ಪಕ್ಕದಲ್ಲಿ ಸರಿಯಾದ ಉಪನಾಮವೊಂದನ್ನು ಸೇರಿಸಿದ್ದಾರೆ. ಇದು ಹಟವಲ್ಲ. ನಿನ್ನೆ ಬರೆದದ್ದು ನಾಳೆಯೂ ಓದಲು ಸಿಗಬೇಕಾದರೆ ನಿನ್ನೆಯ ಪಟ್ಟಿ ನಾಳೆಯೂ ಅದೇ ಆಗಿರಬೇಕು. ಹೊಸದನ್ನು ಸೇರಿಸಲು ಅಡ್ಡಿಯಿಲ್ಲ: ಸ್ವರವಿಲ್ಲದ ‘ನ್’ ಬರೆಯುವ ಹಳೆಯ ರೂಪವಾದ ನಕಾರಪೊಲ್ಲಿಗೆ ಅದರದೇ ಸಂಖ್ಯೆ ಸಿಕ್ಕಿದ್ದು 2021ರಲ್ಲಿ.

ಮೂರು ಬೈಟ್‌ಗಳ ರೈಲು

3221 ಎಂಬ ಸಂಖ್ಯೆ ಒಂದು ಬೈಟ್‌ನಲ್ಲಿ ಹಿಡಿಯುವುದಿಲ್ಲ. ಇಂಗ್ಲಿಷಿಗೆ ಒಂದೇ ಬೈಟ್ ಸಾಕು, ಕನ್ನಡಕ್ಕೆ ಹೆಚ್ಚು ಬೇಕು. ಎರಡೂ ಬೆರೆತ ಸಾಲಿನಲ್ಲಿ ಯಾವುದು ಎಲ್ಲಿ ಮುಗಿಯುತ್ತದೆಂದು ಗೊತ್ತಾಗುವುದು ಹೇಗೆ? 1992ರ ಸೆಪ್ಟೆಂಬರಿನ ಒಂದು ಸಂಜೆ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತ ಕಂಪ್ಯೂಟರ್ ತಜ್ಞ ಕೆನ್ ಥಾಂಪ್ಸನ್, ಎದುರಿಗೆ ಸಹೋದ್ಯೋಗಿ ರಾಬ್ ಪೈಕ್ ಇರುವಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದಕ್ಕೆ ಉತ್ತರ ಬರೆದರು. ಕೆಲವೇ ದಿನಗಳಲ್ಲಿ ಅದು ಅವರ ಕಂಪ್ಯೂಟರುಗಳಲ್ಲಿ ಓಡತೊಡಗಿತು. ಇವತ್ತು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಬಳಸುವುದು ಅದನ್ನೇ: ಯುಟಿಎಫ್-8.

ಅದರ ಚಾತುರ್ಯವನ್ನು ರೈಲಿನ ಹೋಲಿಕೆಯಲ್ಲಿ ಹೇಳಬಹುದು. ಬೈಟ್‌ನ ಬೆಲೆ 128ಕ್ಕಿಂತ ಕಡಿಮೆಯಿದ್ದರೆ ಅದು ಒಂಟಿ, ಆಸ್ಕಿಯದೇ ಅಕ್ಷರ. 192 ಅಥವಾ ಮೇಲಿದ್ದರೆ ಅದು ಎಂಜಿನ್. ನನ್ನ ಹಿಂದೆ ಇಷ್ಟು ಬೋಗಿಗಳಿವೆ ಎಂದು ಅದೇ ಹೇಳುತ್ತದೆ. 128ರಿಂದ 191ರೊಳಗಿದ್ದರೆ ಅದು ಬೋಗಿ. 224ರಿಂದ 239ರೊಳಗಿನ ಎಂಜಿನ್‌ಗೆ ಎರಡು ಬೋಗಿ, 240 ಮತ್ತು ಅದಕ್ಕೂ ಮೇಲಿನದಕ್ಕೆ ಮೂರು. ಹಳಿಯ ಯಾವ ಜಾಗದಲ್ಲಿ ನಿಂತು ನೋಡಿದರೂ ಎದುರಿಗಿರುವುದು ಎಂಜಿನ್ನೋ ಬೋಗಿಯೋ ತಿಳಿಯುತ್ತದೆ. ಒಂದು ರೈಲು ಹಳಿ ತಪ್ಪಿದರೂ ಮುಂದಿನದನ್ನು ಗುರುತಿಸಲು ತೊಂದರೆಯಿಲ್ಲ.

ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್‌ಗಳದು. ‘ಕ’ ಅಂದರೆ 224, 178, 149. ಸಂಕೇತ ಎಂದೆನೇ ಹೊರತು ಅಕ್ಷರ ಎನ್ನಲಿಲ್ಲ, ಏಕೆಂದರೆ ನಮ್ಮ ಕಣ್ಣಿನ ಒಂದಕ್ಷರ ಯಂತ್ರದ ಲೆಕ್ಕದಲ್ಲಿ ಹಲವು. ‘ಸ್ತ್ರೀ’ ನಮಗೆ ಒಂದಕ್ಷರ. ಯಂತ್ರಕ್ಕೆ ಸ, ಹಲಂತ ಚಿಹ್ನೆ, ತ, ಹಲಂತ ಚಿಹ್ನೆ, ರ, ದೀರ್ಘದ ಗುಡಿಸು ಎಂಬ ಆರು ಸಂಕೇತ, ಹದಿನೆಂಟು ಬೈಟ್. ಅರ್ಜಿಯ ನಮೂನೆಯಲ್ಲಿ ‘ಗರಿಷ್ಠ 50 ಅಕ್ಷರ’ ಎಂದಿದ್ದರೆ ಕನ್ನಡದಲ್ಲಿ ಬರೆಯುವವರಿಗೆ ಅಷ್ಟು ಸಿಗದಿರುವುದಕ್ಕೆ ಕಾರಣ ಇದೇ.

ಓರೆಗೆರೆಯ ‘ಎ’

ಈಗ ಮೊದಲ ಅವಾಂತರ. ಕಳಿಸಿದವರ ಕಡೆಯಿಂದ 224, 178, 149 ಸರಿಯಾಗಿಯೇ ಬಂದಿದೆ. ಆದರೆ ಇದು ಯುಟಿಎಫ್-8 ಎಂದು ಹೇಳುವ ಚೀಟಿ ಜೊತೆಗಿಲ್ಲ. ಓದುವ ತಂತ್ರಾಂಶ ತನ್ನ ಹಳೆಯ ರೂಢಿಯಂತೆ ವಿಂಡೋಸ್-1252 ಪಟ್ಟಿ ತೆಗೆದು ಒಂದೊಂದು ಬೈಟ್‌ಗೂ ಒಂದೊಂದು ಅಕ್ಷರ ಹುಡುಕುತ್ತದೆ. 224 ಅಂದರೆ ಓರೆಗೆರೆ ಹೊತ್ತ ಸಣ್ಣ ‘ಎ’. 178 ಅಂದರೆ ವರ್ಗಸಂಖ್ಯೆಗೆ ಹಾಕುವ ಪುಟ್ಟ 2. 149 ಅಂದರೆ ದಪ್ಪ ಚುಕ್ಕೆ. ‘ಕ’ ಹೋಗಿ ಮೂರು ಗುರುತುಗಳು ಬಂದು ಕೂತವು.

ಈಗ ಬಳಕೆಯಲ್ಲಿರುವ ಕನ್ನಡದ ಸ್ವರ, ವ್ಯಂಜನಗಳೆಲ್ಲ 224, 178ರಿಂದ ಶುರುವಾಗುತ್ತವೆ. ಹಲಂತ, ಕೊಂಬು, ಏತ್ವ, ಓತ್ವ ಮುಂತಾದ ಚಿಹ್ನೆಗಳು 224, 179ರಿಂದ. 179 ಅಂದರೆ ಪುಟ್ಟ 3. ಹಾಗಾಗಿ ಹೀಗೆ ಕೆಟ್ಟ ಪಠ್ಯ ಮೂಲದಲ್ಲಿ ಕನ್ನಡವೇ ಎಂದು ದೂರದಿಂದಲೇ ಹೇಳಬಹುದು: ಎಲ್ಲೆಲ್ಲೂ ಓರೆಗೆರೆಯ ಸಣ್ಣ ‘ಎ’, ಅದರ ಹಿಂದೆ 2 ಅಥವಾ 3. ಪೌಂಡ್ ಗುರುತಿನ ಜೊತೆ ದೊಡ್ಡ ‘ಎ’ ಕಂಡರೆ ಅದು ನುಡಿ ಕಾಲದ ಕಡತ. 2, 3ರ ಜೊತೆ ಸಣ್ಣ ‘ಎ’ ಕಂಡರೆ ಅದು ತಪ್ಪಾಗಿ ಓದಿದ ಯೂನಿಕೋಡ್. ಎರಡಕ್ಕೂ ಮದ್ದು ಬೇರೆ.

ಈ ಬಗೆಯ ಕೇಡಿನಲ್ಲಿ ಮಾಹಿತಿ ನಾಶವಾಗಿಲ್ಲ. ಬೈಟ್‌ಗಳು ಇದ್ದ ಹಾಗೇ ಇವೆ, ಓದಿದ ಪಟ್ಟಿ ಮಾತ್ರ ತಪ್ಪು. ಇದಕ್ಕೆ ಒಂದು ಲಕೋಟೆಯ ಸಾಕ್ಷಿ ಇದೆ. ಅದರ ಚಿತ್ರ ಅಂತರ್ಜಾಲದಲ್ಲಿ ಬಹಳ ಓಡಾಡಿದೆ. ರಷ್ಯಾದ ವಿದ್ಯಾರ್ಥಿಯೊಬ್ಬರು ಫ್ರಾನ್ಸಿನ ಸ್ನೇಹಿತರಿಗೆ ತಮ್ಮ ವಿಳಾಸವನ್ನು ಇಮೇಲ್ ಮಾಡಿದರು. ರಷ್ಯನ್ ಪಟ್ಟಿಯಲ್ಲಿ ಹೊರಟದ್ದು ಫ್ರಾನ್ಸಿನಲ್ಲಿ ಪಶ್ಚಿಮ ಯುರೋಪಿನ ಪಟ್ಟಿಯಲ್ಲಿ ತೆರೆದು, ಚಿಹ್ನೆ ಹೊತ್ತ ‘ಎ’, ‘ಓ’, ‘ಯು’ಗಳ ಗೊಂಚಲಾಯಿತು. ಸ್ನೇಹಿತರು ಅದೇ ರಷ್ಯನ್ ಇರಬೇಕೆಂದುಕೊಂಡು ಒಂದೂ ಬಿಡದೆ ಕೈಯಲ್ಲಿ ನಕಲು ಮಾಡಿ ಅಂಚೆಗೆ ಹಾಕಿದರು. ರಷ್ಯಾದ ಅಂಚೆ ಸಿಬ್ಬಂದಿ ಪ್ರತಿ ಗುರುತಿಗೂ ಅದರ ಮೂಲ ಅಕ್ಷರವನ್ನು ಪೆನ್ನಿನಲ್ಲಿ ಬರೆದುಕೊಂಡು ಅದನ್ನು ಮನೆಗೆ ಮುಟ್ಟಿಸಿದರು. ತಪ್ಪು ಕ್ರಮಬದ್ಧವಾಗಿದ್ದರೆ ಅದನ್ನು ತಿರುಗಿಸುವುದೂ ಕ್ರಮಬದ್ಧವೇ.

ಕನ್ನಡಕ್ಕೆ ಮಾತ್ರ ಇಲ್ಲೊಂದು ಗುಂಡಿ ಇದೆ. ವಿಂಡೋಸ್-1252 ಪಟ್ಟಿಯಲ್ಲಿ ಐದು ಸ್ಥಾನಗಳು ಖಾಲಿ: 129, 141, 143, 144, 157. ಇವು ಕನ್ನಡದ ಯಾವ ಸಂಕೇತಗಳ ಕೊನೆಯ ಬೈಟ್ ಎಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. 141 ಅಂದರೆ ಹಲಂತ ಚಿಹ್ನೆ. ಅದಿಲ್ಲದೆ ಒಂದೇ ಒಂದು ಒತ್ತಕ್ಷರ ಹುಟ್ಟದು. 129 ಅಂದರೆ ಹ್ರಸ್ವ ಕೊಂಬು. ಅವನು, ಅದು, ಬಂದು, ಹೋಗು, ಎಲ್ಲೆಲ್ಲೂ ಅದೇ. ಉಳಿದ ಮೂರು ಏ, ಐ, ಝ. ಖಾಲಿ ಸ್ಥಾನದ ಬೈಟ್‌ಗಳನ್ನು ಕೆಲವು ತಂತ್ರಾಂಶಗಳು ಹಾಗೇ ಕಾಪಾಡುತ್ತವೆ, ಕೆಲವು ಕಸವೆಂದು ಎಸೆಯುತ್ತವೆ. ಎಸೆದಿದ್ದರೆ ‘ಮತ್ತು’ ಎಂಬ ಪದದಲ್ಲಿ ಸಂದೇಹವಿಲ್ಲದೆ ಮರಳಿ ಸಿಗುವುದು ಮ, ತ, ತ, ಮೂರೇ. ಇನ್ನೂ ಎರಡು ಸೂಕ್ಷ್ಮಗಳಿವೆ. ‘ಠ’ದ ಕೊನೆಯ ಬೈಟ್ ಆ ಪಟ್ಟಿಯಲ್ಲಿ ಒಂದು ಬಗೆಯ ಖಾಲಿ ಜಾಗ, ‘ಭ’ದ್ದು ಕಣ್ಣಿಗೆ ಕಾಣದ ಅಡ್ಡಗೆರೆ. ಪಠ್ಯವನ್ನು ಚೊಕ್ಕ ಮಾಡುವ ಉತ್ಸಾಹದಲ್ಲಿ ಇವನ್ನು ಅಳಿಸಿಬಿಡುವುದು ಸುಲಭ. ರಿಪೇರಿಯಾದ ಕನ್ನಡದಲ್ಲಿ ಒತ್ತು, ಕೊಂಬುಗಳೇ ಆರಿಸಿ ತೆಗೆದಂತೆ ಕಾಣೆಯಾಗುವುದರ ಹಿಂದಿರುವುದು ಈ ಖಾಲಿ ಸ್ಥಾನಗಳು.

ಕೆಟ್ಟದ್ದನ್ನು ಕೆಟ್ಟ ರೂಪದಲ್ಲೇ ಮತ್ತೆ ಉಳಿಸಿದರೆ ಕೇಡು ಎರಡು ಪದರವಾಗುತ್ತದೆ. ಆ ಮೂರು ಗುರುತುಗಳನ್ನೇ ನಿಜವೆಂದು ನಂಬಿ ಯುಟಿಎಫ್-8ರಲ್ಲಿ ಬರೆದರೆ ‘ಕ’ದ ಮೂರು ಬೈಟ್ ಏಳಾಗುತ್ತದೆ. ಅದನ್ನೂ ಬಿಡಿಸಬಹುದು, ಹಿಮ್ಮುಖವಾಗಿ ಎರಡು ಹೆಜ್ಜೆ ಇಡಬೇಕು. ಆದ್ದರಿಂದಲೇ ಇಂಥದ್ದು ಕಂಡಾಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು: ತಿದ್ದಬೇಡಿ, ಉಳಿಸಬೇಡಿ, ಮೂಲ ಕಡತದ ಪ್ರತಿ ಇಟ್ಟುಕೊಳ್ಳಿ.

ಮರಳಿ ಬಾರದವು

ಪ್ರಶ್ನಾರ್ಥಕ ಚಿಹ್ನೆಯ ಕಥೆ ಇದಕ್ಕೆ ತದ್ವಿರುದ್ಧ. ದಾರಿಯಲ್ಲಿ ಯಾವುದೋ ತಂತ್ರಾಂಶ ಇದು ಕನ್ನಡದ ‘ಕ’ ಎಂದು ಸರಿಯಾಗಿಯೇ ಗುರುತಿಸಿದೆ. ಆದರೆ ಪಠ್ಯವನ್ನು ಹಳೆಯ 256ರ ಪಟ್ಟಿಗೆ ತಿರುಗಿಸಿ ಕೊಡಬೇಕೆಂಬ ಆಜ್ಞೆ ಅದಕ್ಕಿದೆ. ಆ ಪಟ್ಟಿಯಲ್ಲಿ ‘ಕ’ ಇಲ್ಲ. ಇಲ್ಲದ್ದಕ್ಕೆಲ್ಲ ಒಂದೇ ಉತ್ತರ, ಪ್ರಶ್ನಾರ್ಥಕ ಚಿಹ್ನೆ. ಕ ಆದರೂ ಅದೇ, ಖ ಆದರೂ ಅದೇ. ಹಾಗೆ ಬರೆದಾದ ಮೇಲೆ ಯಾವ ಚಿಹ್ನೆ ಯಾವ ಅಕ್ಷರದ್ದಾಗಿತ್ತು ಎಂಬುದಕ್ಕೆ ಕಡತದಲ್ಲಿ ಸುಳಿವೇ ಉಳಿದಿರುವುದಿಲ್ಲ. ಕಳಿಸಿದವರನ್ನು ಇನ್ನೊಮ್ಮೆ ಕಳಿಸಿ ಎಂದು ಕೇಳುವುದೊಂದೇ ದಾರಿ.

ಚೌಕವೋ ವಜ್ರದಾಕಾರವೋ ಒಂದರೊಳಗೆ ಕೂತ ಪ್ರಶ್ನಾರ್ಥಕ ಚಿಹ್ನೆ ಬೇರೆ. ಎಂಜಿನ್ ಬಂದು ಬೋಗಿ ಬಾರದಿದ್ದಾಗ, ಅಥವಾ ಬೋಗಿ ಮಾತ್ರ ಸಿಕ್ಕಾಗ ತಂತ್ರಾಂಶ ತೋರಿಸುವ ಗುರುತು ಅದು. ಪಠ್ಯವನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. 255 ಬೈಟ್ ಮಿತಿಯ ಜಾಗದಲ್ಲಿ ಕನ್ನಡದ 85 ಸಂಕೇತ ಸರಿಯಾಗಿ ಹಿಡಿಯುತ್ತವೆ, 255 ಮೂರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದರೆ ಪದಗಳ ನಡುವಿನ ಖಾಲಿ ಜಾಗ ಒಂದೇ ಬೈಟ್. ಲೆಕ್ಕ ತಪ್ಪಿ ಕತ್ತರಿ ಅಕ್ಷರದ ನಡುವೆ ಬೀಳುತ್ತದೆ.

ಕತ್ತರಿಯ ವಿಷಯದಲ್ಲಿ ಎಸ್ಸೆಮ್ಮೆಸ್ ಇನ್ನೂ ಕಟ್ಟುನಿಟ್ಟು. ಒಂದು ಸಂದೇಶಕ್ಕೆ 140 ಬೈಟ್. ಇಂಗ್ಲಿಷಿನ ಅಕ್ಷರ ಏಳೇ ಬಿಟ್ ಆದ್ದರಿಂದ 160 ಹಿಡಿಯುತ್ತವೆ. ಕನ್ನಡಕ್ಕೆ ಇಲ್ಲಿ ಯುಟಿಎಫ್-8ರ ಮೂರರ ಬದಲು ಸಾಮಾನ್ಯವಾಗಿ ಎರಡೆರಡು ಬೈಟ್ ಕೊಡುವುದರಿಂದ 70 ಸಂಕೇತ. ಇಂಗ್ಲಿಷ್ ಸಂದೇಶದ ಕೊನೆಗೆ ಒಂದು ಕನ್ನಡ ಪದ ಸೇರಿಸಿದರೂ ಇಡೀ ಸಂದೇಶ 70ರ ಲೆಕ್ಕಕ್ಕೆ ಬೀಳುತ್ತದೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಕೈಮುಗಿದ ಎಮೋಜಿ ಮಾಡಿದ ಅನಾಹುತ. ಜಾಲತಾಣಗಳ ಹಿಂದೆ ಪಠ್ಯವನ್ನು ಕೂಡಿಡುವ ಮೈಎಸ್‌ಕ್ಯೂಎಲ್ ಎಂಬ ಬಹುಬಳಕೆಯ ಡೇಟಾಬೇಸಿನಲ್ಲಿ ‘ಯುಟಿಎಫ್8’ ಎಂಬ ಆಯ್ಕೆ ಇತ್ತು. ಹೆಸರು ಹಾಗಿದ್ದರೂ ಅದು ಮೂರು ಬೈಟ್‌ವರೆಗಿನದನ್ನು ಮಾತ್ರ ಒಪ್ಪುತ್ತಿತ್ತು. ಕನ್ನಡ ಮೂರೇ ಬೈಟ್, ಆದ್ದರಿಂದ ನಮಗೆ ಕೊರತೆ ಗೊತ್ತೇ ಆಗಲಿಲ್ಲ. ಆಮೇಲೆ ಮೊಬೈಲುಗಳ ಜೊತೆ ನಾಲ್ಕು ಬೈಟ್‌ಗಳ ಎಮೋಜಿಗಳು ಬಂದವು. ಸಡಿಲ ವ್ಯವಸ್ಥೆಯಲ್ಲಿ ಓಡುತ್ತಿದ್ದ ಡೇಟಾಬೇಸ್ ನಾಲ್ಕು ಬೈಟ್‌ನ ಸಂಕೇತ ಕಂಡ ಕೂಡಲೇ ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನೆಲ್ಲ ಸದ್ದಿಲ್ಲದೆ ಕೈಬಿಡುತ್ತಿತ್ತು. ಪತ್ರದ ಕೊನೆಗೆ ಕೈಮುಗಿದವರ ಪತ್ರ ಪೂರ್ತಿ ಉಳಿಯಿತು, ಎಮೋಜಿ ಮಾತ್ರ ಹೋಯಿತು, ಯಾರ ಗಮನಕ್ಕೂ ಬರಲಿಲ್ಲ. ನಡುವೆ ಕೈಮುಗಿದವರದು ಅರ್ಧ ಉಳಿಯಿತು. ಮೊದಲೇ ಕೈಮುಗಿದು ಆಮೇಲೆ ವಿಷಯಕ್ಕೆ ಬಂದ ವಿನಯವಂತರದು ಒಂದಕ್ಷರವೂ ಉಳಿಯಲಿಲ್ಲ. ಹಳೆಯ ಹೃದಯದ ಚಿಹ್ನೆ ಮೂರು ಬೈಟ್‌ನದು, ಆದ್ದರಿಂದ ಅದು ಪಾಸಾಗುತ್ತಿತ್ತು. ಕಾರಣ ಹುಡುಕುವವರ ತಲೆ ಕೆಡಲು ಇಷ್ಟು ಸಾಕು.

ನಾಲ್ಕು ಬೈಟ್‌ಗಳನ್ನೂ ಒಪ್ಪುವ ಆಯ್ಕೆಯನ್ನು ಮೈಎಸ್‌ಕ್ಯೂಎಲ್ 2010ರಲ್ಲಿ ಸೇರಿಸಿತು, 2018ರ ಆವೃತ್ತಿಯಿಂದ ಅದೇ ರೂಢಿಯಾಯಿತು. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ 2015ರಲ್ಲಿ ಅದಕ್ಕೆ ಬದಲಾಯಿತು. ಅದೇ ವರ್ಷ ಈ ಕತ್ತರಿಯ ಇನ್ನೊಂದು ಮುಖ ಬಯಲಾಗಿತ್ತು. ಹೊರಗಿನವರು ಬರೆದ ಪಠ್ಯದಲ್ಲಿ ಹಾನಿಕಾರಕ ಆಜ್ಞೆಗಳಿವೆಯೇ ಎಂದು ವರ್ಡ್‌ಪ್ರೆಸ್ ತಪಾಸಣೆ ಮಾಡುತ್ತಿತ್ತು. ತಪಾಸಣೆ ನಡೆದದ್ದು ಪೂರ್ತಿ ಪಠ್ಯಕ್ಕೆ, ಡೇಟಾಬೇಸಿನಲ್ಲಿ ಉಳಿದದ್ದು ಕಡಿದ ಪಠ್ಯ. ಪೂರ್ತಿಯಾಗಿದ್ದಾಗ ನಿರುಪದ್ರವಿಯಾಗಿದ್ದದ್ದು ಸರಿಯಾದ ಜಾಗದಲ್ಲಿ ಕಡಿದಾಗ ಅಪಾಯಕಾರಿಯಾಗುವಂತೆ ಹೆಣೆಯುವುದು ಸಾಧ್ಯವಿತ್ತು. ತುರ್ತಾಗಿ ತೇಪೆ ಹಾಕಬೇಕಾಯಿತು.

ಕಣ್ಣಿಗೆ ಒಂದು, ಯಂತ್ರಕ್ಕೆ ಎರಡು

ಇಲ್ಲಿಯವರೆಗಿನ ಕೇಡುಗಳು ಕಣ್ಣಿಗೆ ಹೊಡೆದು ಕಾಣುವಂಥವು. ಕಾಣದೇ ಕಾಡುವಂಥವೂ ಇವೆ.

‘ಕೋಲಾರ’ ಎಂಬ ಪದವನ್ನು ಐದು ಸಂಕೇತಗಳಲ್ಲಿ ಬರೆಯಬಹುದು: ಕ, ಓತ್ವದ ಚಿಹ್ನೆ, ಲ, ದೀರ್ಘ, ರ. ಓತ್ವವನ್ನು ಬಿಡಿಸಿ ಎತ್ವ, ಕೊಂಬಿನ ದೀರ್ಘ, ಮೇಲಿನ ದೀರ್ಘಚಿಹ್ನೆ ಎಂದು ಮೂರಾಗಿ ಬರೆದರೆ ಏಳು ಸಂಕೇತಗಳಾಗುತ್ತವೆ. ಒಂದು 15 ಬೈಟ್, ಇನ್ನೊಂದು 21. ತೆರೆಯ ಮೇಲೆ ಎರಡೂ ಕೋಲಾರವೇ. ಎರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಆದರೆ ಬೈಟ್‌ಗಳನ್ನು ಹೋಲಿಸುವ ಹುಡುಕಾಟಕ್ಕೆ ಅವು ಎರಡು ಬೇರೆ ಊರು. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಕ್ರಮವನ್ನು ಯೂನಿಕೋಡೇ ಕೊಟ್ಟಿದೆ. ಅದನ್ನು ಬಳಸುವುದು ತಂತ್ರಾಂಶ ಬರೆಯುವವರ ಹೊಣೆ.

ಕನ್ನಡದ ಸೊನ್ನೆಯದು ಇನ್ನೊಂದು ತಕರಾರು. ಅನುಸ್ವಾರ ಬೇರೆ ಸಂಕೇತ, ಕನ್ನಡ ಅಂಕಿ ಸೊನ್ನೆ ಬೇರೆ ಸಂಕೇತ. ಟೈಪ್ ಮಾಡುವಾಗ ಒಂದರ ಬದಲು ಇನ್ನೊಂದು ಒತ್ತಿದರೆ ‘ಬಂದ’ ಹೋಗಿ ‘ಬ೦ದ’ ಆಗುತ್ತದೆ. ಓದುವವರಿಗೆ ವ್ಯತ್ಯಾಸ ಹೊಳೆಯುವುದೇ ಕಷ್ಟ. ಯಂತ್ರಕ್ಕೆ ಮಾತ್ರ ಎರಡನೆಯದು ಪದದ ಹೊಟ್ಟೆಯೊಳಗೆ ಸಿಕ್ಕಿಕೊಂಡ ಅಂಕಿ. ಇದನ್ನು ಯೂನಿಕೋಡ್ ಸಮಾನವೆಂದೂ ಹೇಳುವುದಿಲ್ಲ.

ಎಲ್ಲಕ್ಕಿಂತ ನಾಜೂಕಾದವು ಎರಡು ಅದೃಶ್ಯ ಸಂಕೇತಗಳು, ಒಂದು ಕೂಡಿಸುವುದು, ಒಂದು ಬಿಡಿಸುವುದು. ಇವಕ್ಕೆ ಅಗಲವಿಲ್ಲ, ಆಕಾರವಿಲ್ಲ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಆದ ಮೇಲೆ ಬಿಡಿಸುವ ಸಂಕೇತವಿದೆ. ಅದಿಲ್ಲದಿದ್ದರೆ ನಿಯಮದ ಪ್ರಕಾರ ಕಕಾರ ಜಕಾರದ ಒತ್ತಾಗಿ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರದ ಬೆನ್ನಿಗೆ ಕೂಡಿಸುವ ಸಂಕೇತವಿದೆ. ರಕಾರಕ್ಕೆ ಇನ್ನೊಂದು ವ್ಯಂಜನ ಸೇರಿದಾಗ ಅರ್ಕಾವತ್ತು ಮಾಡುವುದು ಕನ್ನಡದ ಸಾಮಾನ್ಯ ನಿಯಮ. ‘ಕಾರ್ಯ’ಕ್ಕೆ ಅದು ಸರಿ. ‘ರ‍್ಯಾಂಕ್’ ಎಂಬಲ್ಲಿ ಹಾಗೆ ಬೇಡ, ಯಕಾರವೇ ಒತ್ತಾಗಲಿ ಎಂದು ಹೇಳುವುದು ಆ ಕಾಣದ ಸಂಕೇತ. ಅದು ಹೋದರೆ ‘ರ್ಯಾಂಕ್’. ಕಾಣದ ಸಂಕೇತಗಳಿಂದ ಮೋಸ ನಡೆಯುವುದೂ ಉಂಟು; ಆ ಭಯಕ್ಕೆ ಅವನ್ನೆಲ್ಲ ಸೋಸಿ ತೆಗೆಯುವ ತಂತ್ರಾಂಶಗಳಿವೆ. ಇಂಗ್ಲಿಷಿಗೆ ಅದರಿಂದ ಕೂದಲೂ ಕೊಂಕುವುದಿಲ್ಲ, ಕನ್ನಡದ ಕಾಗುಣಿತ ಕೆಡುತ್ತದೆ.

ಚಿತ್ರ ಬರೆಯುವ ಹೊತ್ತು

ಇಷ್ಟೆಲ್ಲ ದಾಟಿ ಸಂಕೇತಗಳು ಸುರಕ್ಷಿತವಾಗಿ ಬಂದಮೇಲೆ ಉಳಿಯುವುದು ಚಿತ್ರದ ಕೆಲಸ. ಸಂಕೇತಗಳು ಉಚ್ಚಾರದ ಕ್ರಮದಲ್ಲಿವೆ. ಎಲ್ಲಿ ಒತ್ತು, ಎಲ್ಲಿ ಅರ್ಕಾವತ್ತು ಎಂದು ಲೆಕ್ಕ ಹಾಕಿ ಫಾಂಟಿನಿಂದ ಆಕಾರ ತರುವ ಪ್ರತ್ಯೇಕ ತಂತ್ರಾಂಶ ಪ್ರತಿ ಮೊಬೈಲಿನಲ್ಲೂ ಇದೆ. ವಿಂಡೋಸ್‌ಗೆ ಕನ್ನಡದ ಈ ವಿದ್ಯೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಫಾಂಟಿನಲ್ಲಿ ಅಕ್ಷರವೇ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ. ನಾಲ್ಕು ಬಗೆಯ ಕೇಡಿನಲ್ಲಿ ಇದೇ ಸಾಧು: ಪಠ್ಯ ಪೂರ್ತಿ ಕ್ಷೇಮ, ಫಾಂಟ್ ಹಾಕಿದರೆ ಮುಗಿಯಿತು. ಒತ್ತು ಕೂಡದೆ ‘ಕನ್‌ನಡ’ ಎಂಬಂತೆ ಬಿಡಿಬಿಡಿಯಾಗಿ ಕಂಡರೂ ಹಾಗೆಯೇ. ಚಿತ್ರ ಬರೆಯುವವರಿಗೆ ವಿದ್ಯೆ ಸಾಲದು, ಪಠ್ಯದಲ್ಲಿ ದೋಷವಿಲ್ಲ.

ಈ ಲೆಕ್ಕಾಚಾರ ಎಷ್ಟು ಸಂಕೀರ್ಣವೆಂದರೆ ದೊಡ್ಡವರೂ ಎಡವಿದ್ದಾರೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ ಸುದ್ದಿಯಾಯಿತು. ಜ, ಹಲಂತ, ಞ, ಬಿಡಿಸುವ ಅದೃಶ್ಯ ಸಂಕೇತ, ದೀರ್ಘ ಎಂಬ ಐದರ ಸರಣಿ ಐಫೋನಿಗೆ ಬಂದರೆ ಅದನ್ನು ತೋರಿಸಲು ಹೊರಟ ತಂತ್ರಾಂಶವೇ ಕುಸಿದುಬೀಳುತ್ತಿತ್ತು. ಸಂದೇಶ ತೆರೆದರೆ ಕುಸಿತ, ಮತ್ತೆ ತೆರೆದರೆ ಮತ್ತೆ ಕುಸಿತ. ಅದೇ ತಿಂಗಳು ಆಪಲ್ ತಿದ್ದುಪಡಿ ಹೊರಡಿಸಿತು. ನಮ್ಮ ಪಕ್ಕದ ಲಿಪಿಯ ಒಂದೇ ಒಂದು ಅಕ್ಷರಕ್ಕೆ ಇಷ್ಟು ಶಕ್ತಿ ಬಂದದ್ದು ತಯಾರಕರ ಪರೀಕ್ಷೆಗೆ ಅಂಥ ಸರಣಿ ಸಿಗದೆ ಹೋದದ್ದರಿಂದ.

ಪರೀಕ್ಷೆಗೆ ಒಂದು ವಾಕ್ಯ

ತೆರೆಯ ಮೇಲಿನ ಒಂದು ಕನ್ನಡ ಅಕ್ಷರ ಹಲವರ ನಡುವಿನ ಒಪ್ಪಂದ ಎಂಬುದು ಇದೆಲ್ಲದರ ಸಾರ. ಕೀಲಿಮಣೆ, ಕಳಿಸುವ ತಂತ್ರಾಂಶ, ದಾರಿಯ ಸರ್ವರ್, ಕೂಡಿಡುವ ಡೇಟಾಬೇಸ್, ಓದುವ ಬ್ರೌಸರ್, ಚಿತ್ರ ಬರೆಯುವ ಫಾಂಟ್, ಇವರಲ್ಲಿ ಒಬ್ಬರು ಮಾತು ತಪ್ಪಿದರೂ ಅಕ್ಷರ ಒಡೆಯುತ್ತದೆ. ಒಡೆದ ಬಗೆ ನೋಡಿದರೆ ತಪ್ಪಿದವರು ಯಾರೆಂದು ಗೊತ್ತಾಗುತ್ತದೆ. ಇಂಗ್ಲಿಷಿಗೆ ಈ ತೊಂದರೆ ಅಷ್ಟಾಗಿ ಬಾರದಿರುವುದು ಅದರ ಲಿಪಿ ಸರಳವೆಂದಷ್ಟೇ ಅಲ್ಲ, ಹಳೆಯ ಪಟ್ಟಿಗಳಲ್ಲಿ ಬಹುಪಾಲು ಮೊದಲ 128 ಸ್ಥಾನಗಳಲ್ಲಿ ಅದನ್ನೇ ಇಟ್ಟುಕೊಂಡಿರುವುದರಿಂದ. ಯಾರು ಯಾವ ಪಟ್ಟಿ ಹಿಡಿದರೂ ಇಂಗ್ಲಿಷ್ ಸಾಮಾನ್ಯವಾಗಿ ತಪ್ಪುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಪರೀಕ್ಷಿಸಿ ಸರಿಯಿದೆ ಎಂದು ಹೇಳಿದ ವ್ಯವಸ್ಥೆ ಕನ್ನಡಕ್ಕೂ ಸರಿಯಿರುತ್ತದೆಂದು ನಂಬಲಾಗದು.

ಜನರಿಂದ ಕನ್ನಡ ಬರೆಸಿಕೊಳ್ಳುವ ಯಾವುದೇ ನಮೂನೆ, ಆ್ಯಪ್, ಜಾಲತಾಣ ನಿಮ್ಮ ಉಸ್ತುವಾರಿಯಲ್ಲಿದ್ದರೆ ಅದಕ್ಕೆ ಈ ವಾಕ್ಯ ತಿನ್ನಿಸಿ ನೋಡಿ: ‘ರ‍್ಯಾಂಕ್ ಬಂದ ರಾಜ್‌ಕುಮಾರ್ ಏಳು ಗಂಟೆಗೆ ಕೋಲಾರದ ಮಠದಲ್ಲಿ ಭಜನೆ ಮಾಡಿದ.’ ‘ರಾಜ್‌ಕುಮಾರ್’ ಆದಮೇಲೆ ಒಂದು ಕೈಮುಗಿದ ಎಮೋಜಿ ಹಾಕಿ. ಉಳಿಸಿ, ಮುಚ್ಚಿ, ಬೇರೆ ಮೊಬೈಲಿನಲ್ಲಿ ತೆರೆಯಿರಿ. ಭಜನೆ ಕಾಣದೆ ರಾಜ್‌ಕುಮಾರ್‌ಗೇ ನಿಂತಿದ್ದರೆ ಡೇಟಾಬೇಸ್ ನೋಡಿ. ‘ರ್ಯಾಂಕ್’ ಆಗಿದ್ದರೆ ಯಾರೋ ಅದೃಶ್ಯ ಸಂಕೇತ ಸೋಸಿದ್ದಾರೆ. ‘ಏಳು’ವಿನಲ್ಲಿ ಏ, ಕೊಂಬು ಎರಡೂ ಹೋಗಿದ್ದರೆ, ‘ಮಠ’ದ ಠ ಕಾಣದಿದ್ದರೆ ನಡುವೆ ಎಲ್ಲೋ ವಿಂಡೋಸ್-1252 ಕೈಯಾಡಿಸಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಹಳೆಯ ಪಟ್ಟಿಗೆ ಪರಿವರ್ತನೆ ನಡೆದಿದೆ. ಅದನ್ನು ಹುಡುಕಿ ನಿಲ್ಲಿಸುವವರೆಗೆ ಆ ನಮೂನೆಯನ್ನು ಜನರ ಮುಂದೆ ಇಡಬೇಡಿ, ಏಕೆಂದರೆ ಅಷ್ಟರಲ್ಲಿ ಬಂದದ್ದನ್ನು ಆಮೇಲೆ ಯಾರೂ ತಂದುಕೊಡಲಾರರು.